ವಿಮಾನಯಾನದಲ್ಲಿ ನೀರು ಬಿಡುವುದು ವ್ರತವಲ್ಲ

ಮಕ್ಕಳು ಅಮೆರಿಕೆಯಲ್ಲಿ ನೆಲೆಸಿರುವುದರಿಂದ ಭಕ್ತರಲ್ಲಿ ಅನೇಕ ಹಿರಿಯರು ಇಂದು ಸಾಗರ ದಾಟುತ್ತಿದ್ದಾರೆ. ಬೆಂಗಳೂರಿನಿಂದ ದುಬೈ ಮಾರ್ಗವಾಗಿ ನ್ಯೂಯಾರ್ಕಿಗೆ ಹೊರಟರೆ ಮೊದಲು ಸುಮಾರು 4 ಗಂಟೆ, ಅನಂತರ ಅಟ್ಲಾಂಟಿಕ್ ದಾಟಲು ಸುಮಾರು 14 ಗಂಟೆ ವಿಮಾನದಲ್ಲಿಯೇ ಕಳೆಯಬೇಕು. ಸ್ನಾನ, ಲಿಂಗಪೂಜೆಗಳಾಗದೆ ಗುಟುಕು ನೀರನ್ನೂ ಮುಟ್ಟದ ನಿಷ್ಠೆಯುಳ್ಳವರು ಮಕ್ಕಳ ಮನೆ ಸೇರುವವರೆಗೂ ಹಾಗೆಯೇ ಇರುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ತಾಯಂದಿರು, ಶೌಚಾಲಯಕ್ಕೆ ಏಳಲು ಸಂಕೋಚಪಟ್ಟು ನೀರು ಬಿಡುತ್ತಾರೆ. ಇವೆರಡನ್ನೂ ನಾವು ಒಪ್ಪುವುದಿಲ್ಲ.

ವಿಮಾನದೊಳಗಿನ ವಾಯುವಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು. ಮುಳ್ಳಯ್ಯನಗಿರಿಯ ತುದಿಯಲ್ಲಿ ರಾತ್ರಿ ಕಳೆದಂತೆ. ತೇವಾಂಶವೋ ಬಹುಮಟ್ಟಿಗೆ ಶೇ. 20ಕ್ಕಿಂತ ಕಡಿಮೆ. ವೃದ್ಧಾಪ್ಯ ಸಹಜವಾಗಿಯೇ ವಾತಪ್ರಧಾನ. ಅದಕ್ಕೆ ಈ ರೂಕ್ಷತೆ, ನಿದ್ರಾಭಂಗಗಳು ಸೇರಿದರೆ ವಾತವು ಕೆರಳದಿರದು. ಚರಕ ಸಂಹಿತೆಯು ತಡೆಯಬಾರದೆಂದು ಹೇಳುವ 13 ವೇಗಗಳಲ್ಲಿ ಮೂತ್ರವೂ ಬಾಯಾರಿಕೆಯೂ ಸೇರಿವೆ. ಇದಲ್ಲದೆ, ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. 4 ಗಂಟೆ ಮೀರಿದ ಪ್ರಯಾಣದಲ್ಲಿ ಈ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿದೆ.

ಇಷ್ಟಲಿಂಗವು ಸದಾ ಅಂಗದ ಮೇಲೆಯೇ ಇರುವಾಗ ಪೂಜೆಗೆ ಸ್ಥಳದ ಹಂಗೇಕೆ? ಪಂಚಸೂತಕಗಳನ್ನೇ ನಿರಾಕರಿಸಿದ ಧರ್ಮ ನಮ್ಮದು. ಕೈ ಮುಖ ತೊಳೆದು, ವಿಭೂತಿ ಧರಿಸಿ, ಕುಳಿತಲ್ಲಿಯೇ ಕರಸ್ಥಲದಲ್ಲಿ ಲಿಂಗವನ್ನು ನಿರೀಕ್ಷಿಸಿ ನೀರು ಕುಡಿಯಿರಿ. ದೀಪ, ಧೂಪ ಬೇಡ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ನೀರು ಸೇವಿಸಿ, ಆಗಾಗ ಎದ್ದು ನಡೆಯಿರಿ. ಕುಳಿತಾಗಲೂ ಪಾದಗಳನ್ನು ಮೇಲೆ ಕೆಳಗೆ ಆಡಿಸಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿಗೆ ಮಿತಿಯಿರುವವರು ತಮ್ಮ ವೈದ್ಯರ ಮಾತನ್ನೇ ಪಾಲಿಸಬೇಕು.

ಪ್ರಯಾಣದ ನೆಪದಲ್ಲಿ ರಕ್ತದೊತ್ತಡ, ಮಧುಮೇಹಗಳ ಮಾತ್ರೆ ನಿಲ್ಲಿಸಿ ಚೂರ್ಣ, ಕಷಾಯಗಳನ್ನೇ ನಂಬುವುದು ಸಲ್ಲದು. ಆಯುರ್ವೇದ ವೈದ್ಯರಾಗಿಯೇ ಇದನ್ನು ಹೇಳುತ್ತಿದ್ದೇವೆ. ಔಷಧಿಗಳು ಕೈಚೀಲದಲ್ಲಿಯೇ ಇರಲಿ. ಇಳಿದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಲ್ಲಿಯೂ ಒಂದು ವಿನಂತಿ: ಟಿಕೆಟ್ ಕಳುಹಿಸಿದರಷ್ಟೇ ಸಾಲದು. ತಂದೆತಾಯಿಗೆ ನಡುದಾರಿಯ ಪಕ್ಕದ ಆಸನ, ಸಸ್ಯಾಹಾರ, ಗಾಲಿಕುರ್ಚಿಗಳನ್ನು ಮುಂಚಿತವಾಗಿ ಗೊತ್ತುಪಡಿಸಿರಿ. ದೇಹವನ್ನೇ ದೇಗುಲವೆಂದು ಕಂಡ ಶರಣರ ಹಾದಿಯಲ್ಲಿ ನಡೆಯುವವರಿಗೆ ಆ ದೇಹದ ರಕ್ಷಣೆಯೂ ಪೂಜೆಯ ಭಾಗವೇ ಆಗಿದೆ.