ಅಪರಾಧಿ ಡಿಸ್ಕೋ, ಸ್ಮೃತಿಯೋ?

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಕಂಪ್ಯೂಟರನ್ನು ಕಟ್ಟುವ ಹವ್ಯಾಸ ಈಗ ಅಪರೂಪದ್ದೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಒಂದು ಮಧ್ಯಾಹ್ನ ಸುತ್ತಿದರೆ ಇದಕ್ಕೆ ಬೇಕಾದುದೆಲ್ಲವೂ ದೊರೆಯುತ್ತದೆ. ಕೂಡಿಸುವ ವಿದ್ಯೆಯೂ ಒಂದೆರಡು ದಿನಗಳಲ್ಲಿ ಕೈಗೆ ಹತ್ತುತ್ತದೆ. ಆದರೆ ಕಟ್ಟಿದ ಯಂತ್ರ ಕೆಟ್ಟು ನಿಂತಾಗ, ಕೆಟ್ಟ ಭಾಗ ಇದೇ ಎಂದು ಬೆರಳು ತೋರಬಲ್ಲವರು ವಿರಳ. ಸಿದ್ಧ ಯಂತ್ರವಾದರೆ ಕಂಪನಿಯವರನ್ನು ಕರೆಸಬಹುದು. ಇಲ್ಲಿಯೋ, ಒಂದೊಂದು ಭಾಗಕ್ಕೆ ಒಂದೊಂದು ಅಂಗಡಿಯ ರಸೀದಿ. ಕಟ್ಟಿದವನೇ ವೈದ್ಯನೂ ಆಗಬೇಕು.

ಇಂತಹ ಮನೆಗಳಲ್ಲಿ ಪದೇ ಪದೇ ನಡೆಯುವ ಪ್ರಸಂಗವೊಂದುಂಟು. ನೆಟ್ಟಗೆ ನಡೆಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ನೀಲಿ ತೆರೆ ತೋರಿಸಿ ನಿಲ್ಲುತ್ತದೆ. ನಿನ್ನೆ ತೆರೆದ ಕಡತ ಇಂದು ತೆರೆಯುವುದಿಲ್ಲ. ಮಗಳ ಮದುವೆಯ ಚಿತ್ರವೊಂದನ್ನು ತೆರೆದರೆ ಮೇಲರ್ಧದಲ್ಲಿ ಮಂಟಪ, ಕೆಳಗರ್ಧದಲ್ಲಿ ಬರಿಯ ಬೂದು ಬಣ್ಣ. ವಿಂಡೋಸನ್ನು ಮತ್ತೆ ಸ್ಥಾಪಿಸಹೊರಟರೆ ಅದೂ ನಡುವೆಯೇ ಮುಗ್ಗರಿಸುತ್ತದೆ. ಚಿತ್ರಗಳಿರುವುದು ಡಿಸ್ಕಿನಲ್ಲಿ, ಆದ್ದರಿಂದ ಕೆಟ್ಟದ್ದು ಡಿಸ್ಕೇ ಎಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಹೊಸ ಡಿಸ್ಕ್ ಬರುತ್ತದೆ, ಹಳೆಯದರಲ್ಲಿದ್ದುದೆಲ್ಲ ಅದಕ್ಕೆ ನಕಲಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಹೊಸ ಡಿಸ್ಕಿನ ಚಿತ್ರಗಳಲ್ಲಿಯೂ ಅದೇ ಬೂದು ಬಣ್ಣ!

ಡಿಸ್ಕಿನಿಂದ ಹೊರಟ ಯಾವ ಅಕ್ಷರವೂ ನೇರವಾಗಿ ಇನ್ನೊಂದು ಡಿಸ್ಕಿಗೆ ಹೋಗುವುದಿಲ್ಲ. ಅದು ಸ್ಮೃತಿಯಲ್ಲಿ, ಎಂದರೆ ರ‍್ಯಾಮಿನಲ್ಲಿ, ಕ್ಷಣಕಾಲ ತಂಗಿ ಮುಂದಕ್ಕೆ ಸಾಗುತ್ತದೆ. ಆ ತಂಗುದಾಣದಲ್ಲಿ ಒಂದು ಕೋಣೆ ಕೆಟ್ಟಿದ್ದರೆ, ಅಲ್ಲಿ ಇಳಿದ ಅಕ್ಷರ ವೇಷ ಬದಲಿಸಿಕೊಂಡು ಹೊರಡುತ್ತದೆ. ದೋಷ ಹುಟ್ಟುವುದು ಸ್ಮೃತಿಯಲ್ಲಿ, ಅಪಕೀರ್ತಿ ಹೊರುವುದು ಡಿಸ್ಕು.

ಈ ಸ್ಮೃತಿಯ ರಚನೆಯೇ ಒಂದು ಸೋಜಿಗ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಇದರ ಪೇಟೆಂಟ್ ದೊರೆಯಿತು. ಒಂದೊಂದು ಕೋಶದಲ್ಲಿಯೂ ಒಂದು ಟ್ರಾನ್ಸಿಸ್ಟರ್, ಒಂದು ಅತಿ ಸಣ್ಣ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಇದು ತೂತಿನ ಕೊಡ. ತುಂಬಿದ್ದು ಸೋರುತ್ತಲೇ ಇರುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮರಳಿ ತುಂಬಬೇಕಾಗುತ್ತದೆ. ಹದಿನಾರು ಗಿಗಾಬೈಟ್ ಸ್ಮೃತಿಯಲ್ಲಿ ಇಂತಹ ಕೋಶಗಳು 13,700 ಕೋಟಿಗೂ ಹೆಚ್ಚು. ಇವುಗಳಲ್ಲಿ ಒಂದೇ ಒಂದು ಮಿಕ್ಕವುಗಳಿಗಿಂತ ಬೇಗ ಸೋರಿದರೂ ಮೇಲಿನ ಅವಾಂತರಕ್ಕೆ ಸಾಕು. ಬ್ಯಾಂಕುಗಳಂತಹ ಕಡೆ ಬಳಸುವ ಸರ್ವರ್‌ಗಳ ಸ್ಮೃತಿ ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವಂಥದು. ಮನೆಯ ಯಂತ್ರಗಳಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಡಿಡಿಆರ್5 ಚಿಪ್ಪುಗಳೊಳಗೆ ಒಂದಿಷ್ಟು ತಿದ್ದುವಿಕೆ ಇರುವುದು ನಿಜ. ಆದರೂ ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆದ ತಪ್ಪು ಅದರ ಕಣ್ಣಿಗೆ ಬೀಳದು.

ಆದುದರಿಂದ ಮಾಡಬೇಕಾದ ಮೊದಲ ಕೆಲಸವೆಂದರೆ ಏನನ್ನೂ ಮಾಡದಿರುವುದು. ಡಿಸ್ಕನ್ನು ದುರಸ್ತಿ ಮಾಡುವ ಆಜ್ಞೆಯೊಂದು ವಿಂಡೋಸಿನಲ್ಲಿದೆ. ಗಾಬರಿಯಾದವರು ಮೊದಲು ಒತ್ತುವುದು ಅದನ್ನೇ. ಸ್ಮೃತಿ ಕೆಟ್ಟಿರುವಾಗ ಇದು ಕನ್ನಡಕ ಒಡೆದವನ ಕೈಗೆ ಮನೆಯ ಲೆಕ್ಕದ ಪುಸ್ತಕವನ್ನು ತಿದ್ದಲು ಕೊಟ್ಟಂತೆ. ಸರಿಯಾಗಿದ್ದುದನ್ನು ತಪ್ಪೆಂದು ಓದಿ, ಆ ತಪ್ಪನ್ನೇ ಡಿಸ್ಕಿನ ಮೇಲೆ ಶಾಶ್ವತವಾಗಿ ಬರೆದಿಡುವ ಭಯವಿದೆ. ಯಂತ್ರವನ್ನು ಆರಿಸಿ, ಡಿಸ್ಕನ್ನು ಬಿಚ್ಚಿ, ಆರೋಗ್ಯವಾಗಿರುವ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಬೇಕಾದುದನ್ನು ನಕಲು ಮಾಡಿಕೊಂಡ ಮೇಲೆಯೇ ಪತ್ತೇದಾರಿಕೆ ಆರಂಭವಾಗಬೇಕು.

ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ಸಿದ್ಧಪಡಿಸಿದ ‘ಮೆಮ್‌ಟೆಸ್ಟ್86’ ಎಂಬ ಪರೀಕ್ಷಾಕ್ರಮ ಈ ಕೆಲಸದಲ್ಲಿ ಇಂದಿಗೂ ನೆಚ್ಚತಕ್ಕದ್ದು. ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ವಿಂಡೋಸಿನ ಗೊಡವೆಯಿಲ್ಲದೆ ಯಂತ್ರವನ್ನು ಅದರಿಂದಲೇ ಚಾಲೂ ಮಾಡಿ, ಒಂದು ರಾತ್ರಿ ಪೂರ್ತಿ ಬಿಡುವುದು ಒಳ್ಳೆಯದು. ಹತ್ತು ನಿಮಿಷ ನೋಡಿ ‘ಸರಿಯಿದೆ’ ಎನ್ನುವವರಿಗೆ ಈ ಪರೀಕ್ಷೆ ನಿಷ್ಪ್ರಯೋಜಕ. ಬೆಳಗ್ಗೆ ಒಂದೇ ಒಂದು ದೋಷ ಕಂಡಿದ್ದರೂ ಕ್ಷಮೆ ಸಲ್ಲದು.

ದೋಷ ಕಂಡಿತೆಂದು ಕೂಡಲೇ ಅಂಗಡಿಗೆ ಓಡಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ 3600 ಎಂದು ಅಚ್ಚಾಗಿರುವ ಡಿಡಿಆರ್4 ಸ್ಮೃತಿಪಟ್ಟಿಗೆ ಅದು ಶಿಷ್ಟ ವೇಗವಲ್ಲ. ಆ ಜಾತಿಗೆ ನಿಗದಿಯಾದ ಅತ್ಯಧಿಕ ವೇಗ 3200. ಅದನ್ನು ಮೀರಬೇಕಾದರೆ ಬಯೋಸಿನಲ್ಲಿ ‘ಎಕ್ಸ್‌ಎಂಪಿ’ ಎಂಬ ಸಲಕರಣೆಯನ್ನು ಜಾಗೃತಗೊಳಿಸಬೇಕು. ಆಗ 1.2 ವೋಲ್ಟಿನ ಸ್ಮೃತಿಗೆ ಸಾಮಾನ್ಯವಾಗಿ 1.35 ವೋಲ್ಟ್ ಹರಿಯುತ್ತದೆ. ಎಲ್ಲ ಪ್ರೊಸೆಸರುಗಳೂ ಎಲ್ಲ ಮದರ್‌ಬೋರ್ಡುಗಳೂ ಈ ಓಟಕ್ಕೆ ಒಗ್ಗುವುದಿಲ್ಲ. ಎಕ್ಸ್‌ಎಂಪಿಯನ್ನು ನಿಲ್ಲಿಸಿ ಮತ್ತೊಂದು ರಾತ್ರಿ ಪರೀಕ್ಷಿಸಿದಾಗ ದೋಷವೆಲ್ಲ ಮಾಯವಾದರೆ, ಕೆಟ್ಟದ್ದು ಯಾವ ಭಾಗವೂ ಅಲ್ಲ, ಕಟ್ಟಿದವನ ಅವಸರ ಮಾತ್ರ! ಬಳಕೆಯಲ್ಲಿ ಕಂಡೂ ಕಾಣದ ವೇಗಕ್ಕಾಗಿ ಮನೆಯ ಚಿತ್ರಗಳನ್ನು ಪಣಕ್ಕಿಡುವುದು ಜಾಣತನವೆನಿಸದು.

ವೇಗ ತಗ್ಗಿಸಿದರೂ ದೋಷ ಉಳಿದರೆ, ವಿದ್ಯುತ್ತಿನ ತಂತಿಯನ್ನು ಕಿತ್ತು, ಪಟ್ಟಿಗಳನ್ನು ಒಂದೊಂದಾಗಿ ಒಂದೇ ಸ್ಲಾಟಿನಲ್ಲಿ ಕೂರಿಸಿ ಪರೀಕ್ಷಿಸಬೇಕು. ದೋಷ ಪಟ್ಟಿಯ ಹಿಂದೆಯೇ ಹೋದರೆ ಪಟ್ಟಿ ಕೆಟ್ಟಿದೆ. ಯಾವ ಪಟ್ಟಿ ಹಾಕಿದರೂ ಅದೇ ಸ್ಲಾಟಿನಲ್ಲಿ ಮಾತ್ರ ದೋಷ ಕಂಡರೆ ಸ್ಲಾಟನ್ನೋ, ಪ್ರೊಸೆಸರಿನ ಅಡಿಯಲ್ಲಿ ಬಾಗಿರಬಹುದಾದ ಪಿನ್ನನ್ನೋ ಶಂಕಿಸಬೇಕು. ನಾಲ್ಕು ಸ್ಲಾಟುಗಳಿದ್ದು ಪಟ್ಟಿಗಳು ಎರಡೇ ಆದರೆ, ಪ್ರೊಸೆಸರಿನಿಂದ ಎಣಿಸಿ ಎರಡನೆಯದರಲ್ಲಿಯೂ ನಾಲ್ಕನೆಯದರಲ್ಲಿಯೂ ಕೂರಿಸಬೇಕೆಂದು ಬಹುತೇಕ ಕೈಪಿಡಿಗಳು ಹೇಳುತ್ತವೆ. ಕೈಪಿಡಿಯನ್ನು ಓದುವವರಾರು? ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿಯಿಂದ ಕೆಲವೊಮ್ಮೆ ಗುಣ ಕಾಣುವುದುಂಟು. ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಸೇರಿದರೆ ಹೊಸ ರೋಗ. ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಒರೆಸಿ ಒಣಗಲು ಬಿಡುವುದು ಮೇಲು.

ಸ್ಮೃತಿ ನಿರಪರಾಧಿಯೆಂದು ತೀರ್ಮಾನವಾದ ಮೇಲೆ ಡಿಸ್ಕಿನ ವಿಚಾರಣೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಡುತ್ತದೆ. ‘ಸ್ಮಾರ್ಟ್’ ಎಂಬ ಆ ದಾಖಲೆಯನ್ನು ಓದಿ ತೋರಿಸುವ ಉಚಿತ ತಂತ್ರಾಂಶಗಳಿವೆ. ಹಾರ್ಡ್ ಡಿಸ್ಕಿನಲ್ಲಿ, ಕೆಟ್ಟು ಬದಲಿ ಜಾಗ ಪಡೆದ ಭಾಗಗಳ ಸಂಖ್ಯೆಯೂ ಓದಲಾಗದೆ ಕಾದಿರುವ ಭಾಗಗಳ ಸಂಖ್ಯೆಯೂ ದಿನೇದಿನೇ ಏರುತ್ತಿದ್ದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ. ಸಿಆರ್‌ಸಿ ದೋಷದ ಸಂಖ್ಯೆಯೊಂದೇ ಏರುತ್ತಿದ್ದರೆ ಬಹುಮಟ್ಟಿಗೆ ಡಿಸ್ಕಿಗೆ ಏನೂ ಆಗಿಲ್ಲ. ಸಾಟಾ ಕೇಬಲ್ ಬದಲಿಸಿದರಾಯಿತು. ಎಸ್‌ಎಸ್‌ಡಿಗಳು ಸಾಯುವಾಗ ಹಳೆಯ ಡಿಸ್ಕುಗಳಂತೆ ಕಟಕಟ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಹೊಸದಾಗಿ ಎಂ.2 ಎಸ್‌ಎಸ್‌ಡಿ ಹಾಕಿದೊಡನೆ ಹಳೆಯ ಡಿಸ್ಕ್ ಕಾಣೆಯಾದರೆ ಗಾಬರಿ ಬೇಡ. ಕೆಲವು ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದಾಗ ಒಂದೆರಡು ಸಾಟಾ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ತಂತಿಯನ್ನು ಬೇರೆ ಕಿಂಡಿಗೆ ಬದಲಿಸಿದರೆ ಡಿಸ್ಕ್ ಮರಳಿ ಬರುತ್ತದೆ.

ಸ್ಮೃತಿ ಕೆಟ್ಟಿದ್ದ ಮನೆಯವರಿಗೆ ಒಂದು ಸಮಾಧಾನದ ಮಾತುಂಟು. ಹಳೆಯ ಡಿಸ್ಕನ್ನು ಗುಜರಿಗೆ ಹಾಕದೆ, ಅಳಿಸದೆ ಇಟ್ಟುಕೊಂಡಿದ್ದರೆ, ಹೊಸ ಸ್ಮೃತಿ ಹಾಕಿದ ಮೇಲೆ ಅದನ್ನು ಮತ್ತೆ ಜೋಡಿಸಿ ಅದೇ ಮದುವೆಯ ಚಿತ್ರವನ್ನು ತೆರೆದು ನೋಡಬೇಕು. ಓದುವಾಗ ಮಾತ್ರ ಕೆಟ್ಟು ಕಂಡದ್ದಾಗಿದ್ದರೆ ಬೂದು ಬಣ್ಣ ಸರಿದು ಚಿತ್ರ ಇಡಿಯಾಗಿ ಕಾಣುತ್ತದೆ. ಕೆಟ್ಟ ಸ್ಮೃತಿಯ ದಿನಗಳಲ್ಲಿ ಹೊಸದಾಗಿ ಬರೆಯಲ್ಪಟ್ಟ ಕಡತಗಳಿಗೆ ಈ ಭರವಸೆ ಇಲ್ಲ. ಆ ತಿಂಗಳುಗಳ ಚಿತ್ರಗಳನ್ನು ಫೋನಿನಿಂದಲೋ ಕ್ಯಾಮರಾದ ಕಾರ್ಡಿನಿಂದಲೋ, ಅಲ್ಲಿ ಇನ್ನೂ ಅಳಿಸಿರದಿದ್ದರೆ, ಮತ್ತೊಮ್ಮೆ ಇಳಿಸಿಕೊಳ್ಳಬೇಕು.