ಹಗ್ಗ ಹಿಡಿಯುವ ಕೈ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹೆದ್ದಾರಿಯಲ್ಲಿ, ಹೆಗ್ಗಡದೇವನಕೋಟೆಯ ಬಳಿ, ಹ್ಯಾಂಡ್‌ಪೋಸ್ಟ್ ಎಂಬ ಊರಿದೆ. ದಾರಿಗಳು ಕೂಡುವೆಡೆಯಲ್ಲಿ ನೆಟ್ಟು, ಹೋಗಬೇಕಾದ ದಿಕ್ಕನ್ನು ತೋರುವ ಕಂಬಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು. ದಕ್ಷಿಣ ಕನ್ನಡದವರು ಅದನ್ನೇ ‘ಕೈಕಂಬ’ವೆಂದು ಚೊಕ್ಕವಾಗಿ ಕನ್ನಡಿಸಿಕೊಂಡರು, ಕೋಟೆಯ ಸೀಮೆಯವರು ಬಂದ ಹೆಸರನ್ನು ಬಂದಂತೆಯೇ ಉಳಿಸಿಕೊಂಡರು. ಮಳೆಗಾಲದಲ್ಲಿ ಹಗ್ಗ ಹಿಡಿದು ಬಂಡೆಯೇರಲು ಹೊರಡುವ ನಗರದ ತರುಣರಿಗೆ ಈ ಕಡೆಯ ಕಾಡು ದಿಕ್ಕು ತೋರಬಲ್ಲದು.

ಈ ತಾಲ್ಲೂಕಿನ ಹಾಡಿಗಳಲ್ಲಿ ಜೇನುಕುರುಬರು ವಾಸಿಸುತ್ತಾರೆ. ಹೆಜ್ಜೇನು ತನ್ನ ಹುಟ್ಟನ್ನು ಪೊಟರೆಯಲ್ಲಿ ಅಡಗಿಸುವುದಿಲ್ಲ. ಮುಗಿಲು ಮುಟ್ಟುವ ಮರದ ಕೊಂಬೆಗೋ ಕಡಿದಾದ ಬಂಡೆಯ ಅಂಚಿಗೋ ಬಯಲಾಗಿಯೇ ತೂಗುಹಾಕುತ್ತದೆ. ಒಂದೊಂದು ಹುಟ್ಟು ಒಂದು ಮೀಟರಿಗೂ ಮೀರಿ ಅಗಲವಾಗಿರಬಹುದು. ಅದನ್ನು ಇಳಿಸುವವರು ಕತ್ತಲೆಯ ರಾತ್ರಿಯನ್ನು ಆರಿಸಿಕೊಂಡು, ಮರಕ್ಕೆ ಬಿದಿರಿನ ಗೂಟಗಳನ್ನು ಹೊಡೆದು, ಹೊಗೆಯ ನೆರವಿನಿಂದ ನೊಣಗಳನ್ನು ಸರಿಸುತ್ತ ಮೇಲೇರುತ್ತಾರೆ. ಒಬ್ಬನು ಏರಿದರೆ ಉಳಿದವರು ಕೆಳಗೆ ಕಾದಿರುತ್ತಾರೆ. ಅದು ಮೋಜಿನ ಏರಾಟವಲ್ಲ, ಹೊಟ್ಟೆಪಾಡು. 2006ರ ಅರಣ್ಯ ಹಕ್ಕು ಕಾಯಿದೆ ಇಂಥ ಕಾಡುತ್ಪತ್ತಿಯ ಮೇಲೆ ಅವರಿಗಿರುವ ಹಕ್ಕನ್ನು ಮಾನ್ಯ ಮಾಡಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಜೇನಿನ ಸುಗ್ಗಿ ಮುಖ್ಯವಾಗಿ ಬೇಸಗೆಯದು. ಮುಂಗಾರು ಬಲಗೊಳ್ಳುತ್ತಿದ್ದಂತೆ ಹೆಜ್ಜೇನು ಹುಟ್ಟು ಬಿಟ್ಟು ವಲಸೆ ಹೊರಡುತ್ತದೆ. ಏರುವ ಕೆಲಸವೂ ನಿಲ್ಲುತ್ತದೆ. ತಲೆತಲಾಂತರದಿಂದ ಮರವೇರಿ ಬಾಳಿದವರು ಮಳೆ ಹಿಡಿದಾಗ ನೆಲದ ಮೇಲಿರುತ್ತಾರೆ. ನಗರದ ತರುಣರಾದರೋ ಮಳೆ ಹಿಡಿದಾಗಲೇ ಹೊರಡುತ್ತಾರೆ! ಹಸಿರು ಕಣ್ಣು ತುಂಬುವ ಕಾಲವೆಂದು ಅವರ ವಾದ. ಹಸಿರು ಕಣ್ಣಿಗೆ ಹಬ್ಬವೇ ಸರಿ. ಆದರೆ ಬಂಡೆಯ ಮೇಲೆ ಅದೇ ಹಸಿರು ಪಾಚಿಯಾಗಿ ಕಾಲನ್ನು ಜಾರಿಸುತ್ತದೆ.

ರಾಮನಗರದ ಕಗ್ಗಲ್ಲು ನೆನೆದರೆ ಕಾಲಿನ ಹಿಡಿತ ತಪ್ಪುತ್ತದೆ. ಬಾದಾಮಿಯ ಮರಳುಗಲ್ಲು ನೆನೆದರೆ ಇನ್ನೂ ಅಪಾಯ. ನೀರು ಹೀರಿದ ಕಲ್ಲು ಮೆದುವಾಗಿ, ಕೈ ಹಿಡಿದ ಮೂಲೆಯೇ ಮುರಿದು ಕೈಗೆ ಬರಬಹುದು. ಹಗ್ಗವೂ ನೀರಿಗೆ ಹೊರತಲ್ಲ. ಈಗ ಬಂಡೆಯೇರುವವರು ಬಳಸುವ ನೈಲಾನ್ ಹಗ್ಗ ಬಿದ್ದವನ ಭಾರಕ್ಕೆ ತುಸು ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಒಳಗೆ ಎಳೆಗಳ ತಿರುಳು, ಹೊರಗೆ ನೇಯ್ದ ಕವಚವಿರುವ ಈ ಬಗೆಯ ಹಗ್ಗ 1953ರಲ್ಲಿ ಜರ್ಮನಿಯಲ್ಲಿ ಹೊರಬಂದಿತು. ಇಂಥ ಹಗ್ಗವೂ ಚೆನ್ನಾಗಿ ನೆನೆದಾಗ ಭಾರವಾಗುತ್ತದೆ, ಬಲಗುಂದುತ್ತದೆ. ಅದನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಆರಿಸಬೇಕು. ಕೆಸರಿನಲ್ಲಿ ಎಳೆಯಬಾರದು, ಕಾಲಿನಿಂದ ತುಳಿಯಬಾರದು. ಒಳಸೇರಿದ ಮರಳಿನ ಕಣಗಳು ಎಳೆಗಳನ್ನು ಕಾಣದಂತೆ ಕೊಯ್ಯುತ್ತವೆ. ಸೇದುವ ಬಾವಿಯಿದ್ದ ಮನೆಗಳಲ್ಲಿ ಹಿರಿಯರು ಹುರಿ ಸಡಿಲಿದ ಹಗ್ಗವನ್ನು ಕೂಡಲೇ ಬದಲಿಸುತ್ತಿದ್ದರು. ಅಲ್ಲಿ ಹಗ್ಗ ಹರಿದರೆ ಬೀಳುತ್ತಿದ್ದುದು ಕೊಡ; ಇಲ್ಲಿ ಬೀಳುವವನು ಮನುಷ್ಯ.

ಹಗ್ಗದ ವಿಷಯದಲ್ಲಿ ಅಲಕ್ಷ್ಯ ಮಾಡಿದ್ದರ ಫಲಕ್ಕೆ ಪರ್ವತಾರೋಹಣದ ಚರಿತ್ರೆಯಲ್ಲಿ ಮರೆಯಲಾಗದ ನಿದರ್ಶನವಿದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಮತ್ತು ಅವನ ಆರು ಮಂದಿ ಸಂಗಡಿಗರು ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲು ಏರಿದರು. ಇಳಿಯುವಾಗ ಅನುಭವ ಸಾಲದ ಹ್ಯಾಡೋ ಎಂಬ ಹತ್ತೊಂಬತ್ತರ ತರುಣ ಕಾಲು ಜಾರಿದ. ಅವನೊಡನೆ ಮತ್ತೆ ಮೂವರು ಸೆಳೆಯಲ್ಪಟ್ಟರು. ನಡುವಿನ ಹಗ್ಗ ಹರಿಯಿತು. ನಾಲ್ವರೂ ಪ್ರಪಾತಕ್ಕೆ ಬಿದ್ದು ಮಡಿದರು. ತಂದಿದ್ದ ಹಗ್ಗಗಳಲ್ಲೆಲ್ಲ ಅತ್ಯಂತ ದುರ್ಬಲವಾದುದು ಅದೇ; ಅದಕ್ಕಿಂತ ಗಟ್ಟಿಯಾದ ಹಗ್ಗ ಅವರ ಬಳಿಯಲ್ಲಿಯೇ ಉಳಿದಿತ್ತು. ಹರಿದ ಆ ತುಂಡು ಜರ್ಮ್ಯಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಹಾಗಾದರೆ ಮಳೆಯ ಭಾನುವಾರ ಗೆಳೆಯರೆಲ್ಲ ಮನೆಯಲ್ಲಿಯೇ ಮುದುಡಿ ಕುಳಿತಿರಬೇಕೆ? ಖಂಡಿತ ಬೇಡ. ಏರುವ ವಿದ್ಯೆಯ ಮುಕ್ಕಾಲು ಪಾಲನ್ನು ನೆಲದ ಮೇಲೆಯೇ ಕಲಿಯಬಹುದು. ಅದಕ್ಕೆ ಮಳೆಯ ದಿನಕ್ಕಿಂತ ಒಳ್ಳೆಯ ದಿನವಿಲ್ಲ. ಮೊದಲು ಕಲಿಯಬೇಕಾದುದು ಎಂಟರ ಆಕಾರದ ಗಂಟು. ಗಂಟು ಬಿದ್ದಲ್ಲಿ ಹಗ್ಗದ ಬಲ ಕುಗ್ಗುತ್ತದೆಯಾದರೂ ಈ ಗಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಉಳಿಯುತ್ತದೆ. ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬುದೂ ಕಣ್ಣಿಗೆ ಒಡನೆ ತಿಳಿಯುತ್ತದೆ. ಎರಡನೆಯದು ಆಸ್ಟ್ರಿಯದ ಕಾರ್ಲ್ ಪ್ರುಸಿಕ್ 1931ರಲ್ಲಿ ಬಳಕೆಗೆ ತಂದ ಗಂಟು. ತೆಳುವಾದ ಹುರಿಯ ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಮೂರು ಸುತ್ತು ಸುತ್ತಿದರೆ, ಭಾರ ಬಿದ್ದಾಗ ಅದು ಕಚ್ಚಿ ಹಿಡಿಯುತ್ತದೆ. ಭಾರ ತೆಗೆದರೆ ಮೇಲಕ್ಕೆ ಸರಿಯುತ್ತದೆ. ಅಂಥ ಎರಡು ಕುಣಿಕೆಗಳಿದ್ದರೆ ತೂಗುವ ಹಗ್ಗದ ಮೇಲೆಯೇ ಹೆಜ್ಜೆಹೆಜ್ಜೆಯಾಗಿ ಏರಬಹುದು. ತಿಳಿದವರ ಕಣ್ಣೆದುರಿನಲ್ಲಿ, ಗಟ್ಟಿಯಾದ ತೊಲೆಗೆ ಹಗ್ಗ ಇಳಿಬಿಟ್ಟು, ನೆಲದಿಂದ ಒಂದು ಮೊಳ ಎತ್ತರದಲ್ಲಿ ಇದನ್ನು ನೂರು ಸಲ ಮಾಡಿದವನ ಕೈಗೆ ಬಂಡೆಯ ಮೇಲೆ ನಡುಕ ಬಾರದು. ಮಳೆ ನಿಂತು ಕಲ್ಲು ಆರಿದ ಮೇಲೆ ಬಂಡೆಗೆ ಹೋಗಲಿ, ಅದೂ ನುರಿತವರೊಡನೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು ಇದಕ್ಕಾಗಿಯೇ ಶಿಬಿರಗಳನ್ನು ನಡೆಸುತ್ತವೆ. ಹ್ಯಾಂಡ್‌ಪೋಸ್ಟಿನಿಂದಾಚೆಯ ಕಾಡಾದರೋ ನಾಗರಹೊಳೆ, ಬಂಡೀಪುರಗಳ ಹುಲಿಯ ಸೀಮೆ. ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ, ಹಗ್ಗ ಕಟ್ಟುವ ಮಾತಂತೂ ದೂರವೇ ಉಳಿಯಿತು.

ಗಂಟಿಗಿಂತಲೂ ದೊಡ್ಡ ಪಾಠ ಇನ್ನೊಂದಿದೆ. ಏರುವವನ ಪ್ರಾಣ ಹಗ್ಗ ಕಾಯುವವನ ಕೈಯಲ್ಲಿರುತ್ತದೆ. ತಡೆಯುವ ಕೈ ಕ್ಷಣಕಾಲವೂ ಹಗ್ಗವನ್ನು ಬಿಡಕೂಡದು; ಹರಟೆ, ಛಾಯಾಚಿತ್ರ, ದೂರವಾಣಿ ಯಾವುದೂ ಆ ಹೊತ್ತಿಗೆ ಸಲ್ಲದು. ಏರುವ ಮೊದಲು ಇವನ ಗಂಟನ್ನು ಅವನು, ಅವನದನ್ನು ಇವನು ಕೈಮುಟ್ಟಿ ನೋಡಬೇಕು. ಅದು ಅನುಮಾನವಲ್ಲ, ಸ್ನೇಹ.

ನೀಲಗಿರಿಯ ಕಡೆಯ ಜೇನು ಇಳಿಸುವವರಲ್ಲಿ ಈ ಮಾತು ಒಂದು ರೂಢಿಯಾಗಿಯೇ ಬೆಳೆದಿದೆಯೆಂದು ಹೇಳುತ್ತಾರೆ. ಬಂಡೆಯಂಚಿನಿಂದ ಇಳಿಯುವವನ ಹಗ್ಗವನ್ನು ಮೇಲೆ ನಿಂತು ಕಾಯುವ ಹೊಣೆ ಒಡಹುಟ್ಟಿದವನದಲ್ಲ, ಹೆಂಡತಿಯ ಸಹೋದರನದು. ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳವಿರಬಹುದು. ತನ್ನ ಅಕ್ಕತಂಗಿಯ ಬಾಳು ಕೆಡುವುದನ್ನು ಭಾವಮೈದುನ ಮಾತ್ರ ಎಂದಿಗೂ ಬಯಸಲಾರ. ಮನುಷ್ಯಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಬಲ್ಲವರುಂಟೆ?

ಮನೆಯ ಮಗನೋ ಮಗಳೋ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ಹೊರಟಾಗ ‘ಎಷ್ಟು ಎತ್ತರ ಹತ್ತುತ್ತೀಯೆ?’ ಎಂದು ಕೇಳುವ ಹೆತ್ತವರು, ಅದಕ್ಕೆ ಮೊದಲು ‘ನಿನ್ನ ಹಗ್ಗ ಹಿಡಿಯುವವರು ಯಾರು?’ ಎಂದು ಕೇಳಲಿ. ಆ ಹೆಸರು ತಡವರಿಸದೆ ಬಾಯಿಗೆ ಬಂದರೆ ಸಂತೋಷದಿಂದ ಕಳುಹಿಸಿಕೊಡಬಹುದು.