ಸೈಕಲ್ ಪ್ರವಾಸ: ಮಿತವ್ಯಯವೇ ಬೇರೆ, ಜಿಪುಣತನವೇ ಬೇರೆ

ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ನಲವತ್ತಾರರ ವಯಸ್ಸು, ಒಳ್ಳೆಯ ಉದ್ಯೋಗ, ಇಬ್ಬರು ಮಕ್ಕಳು. ವೈದ್ಯರು ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟು, ದೇಹಕ್ಕೆ ಶ್ರಮ ಕೊಡದಿದ್ದರೆ ಮುಂದೆ ಕಷ್ಟವೆಂದು ಎಚ್ಚರಿಸಿದ್ದಾರಂತೆ. "ಮೇಷ್ಟ್ರೇ, ನಿಮ್ಮ ಹಾಗೆ ನಾನೂ ಸೈಕಲ್ ಮೇಲೆ ದೂರದ ಪ್ರವಾಸ ಹೋಗಬೇಕೆಂದಿದ್ದೇನೆ. ಅಂಗಡಿಯಲ್ಲಿ ಒಂದು ಲಕ್ಷದ ಸೈಕಲ್ ತೋರಿಸಿದರು. ಮನೆ ಸಾಲ ಇದೆ, ಈಗ ಆಗುವುದಿಲ್ಲ. ಮುಂದಿನ ವರ್ಷ ಕೊಂಡು ಶುರು ಮಾಡೋಣ ಅಂತಿದ್ದೇನೆ" ಎಂದ.

ಆ 'ಮುಂದಿನ ವರ್ಷ' ನನಗೆ ಹಿಡಿಸಲಿಲ್ಲ. ಇದೇ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ ತಂದೆಯ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ, ಒಳಪೆಡಲ್ ತುಳಿದುಕೊಂಡು ಆರು ಕಿಲೋಮೀಟರು ದೂರದ ಹಳ್ಳಿಯಿಂದ ಶಾಲೆಗೆ ಬರುತ್ತಿದ್ದ. ಆಗ ಅವನಿಗೆ ಬೇಕಿಲ್ಲದ ಲಕ್ಷ ರೂಪಾಯಿ ಈಗ ಏಕೆ ಬೇಕಾಯಿತು? ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆ. ಇದೇ ಪ್ರಶ್ನೆಯನ್ನು ನಿಮ್ಮಲ್ಲಿ ಇನ್ನೂ ಕೆಲವರು ಕೇಳಿರುವುದರಿಂದ ನನ್ನ ಅಭಿಪ್ರಾಯವನ್ನು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತನಾದದ್ದು 2015ರಲ್ಲಿ. ಎರಡು ವರ್ಷ ಕೂತು ಉಂಡದ್ದರ ಫಲವಾಗಿ 2017ರಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ 8.4 ಬಂದಿತ್ತು. ಮಗ ಅಕ್ಕರೆಯಿಂದ ವ್ಯಾಯಾಮಶಾಲೆಗೆ ಒಂದು ವರ್ಷದ ಹಣ ಕಟ್ಟಿದ. ಮೂರು ವಾರ ಹೋದೆ. ಕನ್ನಡಿಯ ಎದುರು ಯಂತ್ರದ ಮೇಲೆ ನಿಂತು, ಎಲ್ಲಿಗೂ ಹೋಗದೆ ನಡೆಯುವುದು ಈ ಹಳ್ಳಿಯ ಮೇಷ್ಟ್ರಿಗೆ ಒಗ್ಗಲಿಲ್ಲ. ಆಗ ನೆನಪಾದದ್ದು ಹಿತ್ತಿಲ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ನನ್ನ ಅಟ್ಲಾಸ್ ಸೈಕಲ್. ಗೇರ್ ಇಲ್ಲದ, ಕಂಬಿಯ ಬ್ರೇಕಿನ ಹಳೆಯ ಗಾಡಿ. ಟೈರು, ಟ್ಯೂಬು, ಚೈನು, ಬ್ರೇಕಿನ ರಬ್ಬರು ಎಲ್ಲವನ್ನೂ ಹೊಸದಾಗಿ ಹಾಕಿಸಲು 1,850 ರೂಪಾಯಿ ತಗುಲಿತು.

ಗಾಡಿಯೇನೋ ಸಿದ್ಧವಾಯಿತು, ಸವಾರ ಸಿದ್ಧನಾಗಿರಲಿಲ್ಲ. 2018ರ ಡಿಸೆಂಬರಿನಲ್ಲಿ ಅರಸೀಕೆರೆಯಿಂದ ಧರ್ಮಸ್ಥಳ, ಉಡುಪಿ, ಕೊಲ್ಲೂರುಗಳ ಮೂಲಕ ಒಂದು ಸುತ್ತು ಬರುವುದೆಂದು ಮನೆಯವರೆದುರು ದಿನಾಂಕ ಸಾರಿಬಿಟ್ಟೆ. ಸಾರಿದ ಮೇಲೆ ಹಿಂದೆ ಸರಿಯುವಂತಿರಲಿಲ್ಲ. ಗಣೇಶನ ಹಬ್ಬ ಕಳೆದ ಮರುದಿನದಿಂದ ಅಭ್ಯಾಸ ತೊಡಗಿತು. ಮೊದಲ ವಾರ ಐದು ಕಿಲೋಮೀಟರಿಗೇ ಏದುಸಿರು. ನವೆಂಬರ್ ಹೊತ್ತಿಗೆ ಕ್ಯಾರಿಯರ್‌ಗೆ ರಾಗಿ ಚೀಲ ಕಟ್ಟಿಕೊಂಡು ಮೂವತ್ತು ಕಿಲೋಮೀಟರು ತುಳಿಯುವಂತಾದೆ. ಮೇಷ್ಟ್ರು ದಿನಾ ಮಿಲ್ಲಿಗೆ ಹೋಗುತ್ತಾರೆಂದು ಬೀದಿಯವರು ನಗುತ್ತಿದ್ದರು.

ನನ್ನ ಅಭಿಪ್ರಾಯದಲ್ಲಿ ದೂರದ ಪ್ರವಾಸದ ನಿಜವಾದ ಲಾಭ ಈ ಮೂರು ತಿಂಗಳಲ್ಲಿದೆ. ವ್ಯಾಯಾಮದಿಂದ ರಕ್ತದ ಸಕ್ಕರೆಗೆ ಆಗುವ ಉಪಕಾರ ಎರಡು ಮೂರು ದಿನಗಳಲ್ಲಿ ಕರಗಿಹೋಗುತ್ತದೆ. ವರ್ಷಕ್ಕೊಮ್ಮೆ ಹದಿನೈದು ದಿನ ತುಳಿದು ಉಳಿದ ದಿನ ಮಲಗಿದರೆ ಪ್ರಯೋಜನವಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನವಾಯಿತು. ಪ್ರವಾಸವೆಂಬುದು ಪರೀಕ್ಷೆಯಿದ್ದಂತೆ. ವಿದ್ಯೆ ಬರುವುದು ಓದಿನಿಂದ. ಆದರೆ ಪರೀಕ್ಷೆಯ ದಿನಾಂಕ ಗೊತ್ತಾಗದೆ ನಿಮ್ಮಲ್ಲಿ ಎಷ್ಟು ಮಂದಿ ಪುಸ್ತಕ ಬಿಚ್ಚುತ್ತಿದ್ದಿರಿ ಎಂಬುದು ನನಗೆ ತಿಳಿಯದ ವಿಷಯವೇ?

ಪ್ರವಾಸದ ದಾರಿ ಹೀಗಿತ್ತು. ಅರಸೀಕೆರೆಯಿಂದ ಹಳೇಬೀಡು, ಬೇಲೂರು. ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿಯಲ್ಲಿ ಇಳಿದು ಉಜಿರೆ, ಧರ್ಮಸ್ಥಳ. ಬಳಿಕ ಮೂಡಬಿದಿರೆ, ಕಾರ್ಕಳ, ಉಡುಪಿ, ಕುಂದಾಪುರ, ಕೊಲ್ಲೂರು. ಅಲ್ಲಿಂದ ಘಾಟಿ ಹತ್ತಿ ನಗರ, ಹೊಸನಗರ, ಶಿವಮೊಗ್ಗ. ತರೀಕೆರೆ, ಕಡೂರಿನ ಮೇಲೆ ಮರಳಿ ಊರು. ಒಟ್ಟು 600 ಕಿಲೋಮೀಟರಿಗೆ ತುಸು ಕಡಿಮೆ. ಎರಡು ದಿನದ ವಿಶ್ರಾಂತಿ ಸೇರಿ ಹದಿನಾಲ್ಕು ದಿನ ಹಿಡಿಯಿತು. ಬೆಳಗಿನ ಹನ್ನೊಂದರೊಳಗೆ ಹೆಚ್ಚಿನ ದಾರಿ ಸವೆಸಿ, ಬಿಸಿಲಿನಲ್ಲಿ ಮರದಡಿ ಕುಳಿತು, ಕತ್ತಲಾಗುವ ಮೊದಲೇ ತಂಗುವುದು ನನ್ನ ಕ್ರಮ. ಏರಿನಲ್ಲಿ ಇಳಿದು ತಳ್ಳಿದ್ದಕ್ಕೆ ನಾಚಿಕೆಪಡಲಿಲ್ಲ. ಚಾರ್ಮಾಡಿಯ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿಯದೆ ಆಗಾಗ ಹಿಡಿದು ಬಿಡುತ್ತಾ, ಒಂದೆರಡು ತಿರುವಿಗೊಮ್ಮೆ ನಿಂತು, ತೀರ ಕಡಿದಾದ ಕಡೆ ನಡೆದೇ ಇಳಿದೆ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ. ತಂಗುವುದಕ್ಕೆ 1,760, ತಿಂಡಿ ಕಾಫಿಗೆ 1,690, ರಿಪೇರಿ ಮತ್ತು ಚಿಲ್ಲರೆಗೆ 510. ಒಟ್ಟು 3,960 ರೂಪಾಯಿ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ, ಉಡುಪಿಯ ಕೃಷ್ಣಮಠದಲ್ಲಿ, ಕೊಲ್ಲೂರಿನಲ್ಲಿ ಯಾತ್ರಿಕರ ಸಾಲಿನಲ್ಲಿ ಕುಳಿತು ಉಂಡೆ. ನಾಲ್ಕು ರಾತ್ರಿ ನಿಮ್ಮಂಥವರ ಮನೆಗಳಲ್ಲೇ ಕಳೆಯಿತು. ಹಿಂದೊಮ್ಮೆ ಗಣಿತದಲ್ಲಿ ನನ್ನಿಂದ ಏಟು ತಿಂದವನೊಬ್ಬ ಮೂಡಬಿದಿರೆಯಲ್ಲಿ ಬಿಸಿನೀರು ಕಾಯಿಸಿ ನನ್ನ ಕಾಲಿಗೆ ಎರೆದಾಗ ಕಣ್ಣು ತುಂಬಿತು. ಕಿಸೆ ತುಂಬಿದ್ದರೆ ನಾನು ಹೋಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ.

ಇದು ಹೊಸ ಸಂಗತಿಯೂ ಅಲ್ಲ. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಪ್ರವಾಸ ಪೂರ್ಣಗೊಳಿಸಿ 1928ರಲ್ಲಿ ಮರಳಿದರು. ಅವರ ಕಾಲದಲ್ಲಿ ಇಂದಿನ ಹಗುರವಾದ ಸೈಕಲ್ಲುಗಳೂ ಇರಲಿಲ್ಲ, ದಾರಿ ತೋರಿಸುವ ಮೊಬೈಲೂ ಇರಲಿಲ್ಲ.

ಇಷ್ಟು ಓದಿ, ಹಣವಿಲ್ಲದಿದ್ದರೂ ಎಲ್ಲವೂ ಸುಲಭವೆಂದು ತಿಳಿಯಬೇಡಿ. ಇದುವರೆಗೆ ಮನೆಯಲ್ಲಿ ಪೂರ್ತಿ ಹೇಳದಿದ್ದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೊಲ್ಲೂರಿನಿಂದ ಹೊರಟ ಬೆಳಿಗ್ಗೆ ಸಕ್ಕರೆಯ ಮಾತ್ರೆ ನುಂಗಿದೆ, ತಿಂಡಿ ತಿನ್ನಲಿಲ್ಲ. ಹೋಟೆಲಿನ ಎದುರು ನಿಂತು ಒಂದು ಕ್ಷಣ ಲೆಕ್ಕ ಹಾಕಿದ್ದು ಇಂದಿಗೂ ನೆನಪಿದೆ. ಅಷ್ಟು ದಿನದ ಖರ್ಚು ಕಡಿಮೆಯಾದದ್ದರಿಂದ ನನಗೊಂದು ಹೆಮ್ಮೆ ಬಂದಿತ್ತು. ಒಟ್ಟು ಮೊತ್ತ ನಾಲ್ಕು ಸಾವಿರ ದಾಟಬಾರದೆಂಬ ಹಟ. ಘಾಟಿ ಹತ್ತಿದ ಮೇಲೆ ತಿಂದರಾಯಿತೆಂದು ಹೊರಟೆ. ಅದು ದಟ್ಟ ಕಾಡಿನ ದಾರಿ, ಅಂಗಡಿಯಿಲ್ಲ. ಅರ್ಧ ಏರುವಷ್ಟರಲ್ಲಿ ತಣ್ಣನೆಯ ಬೆವರು ಕಿತ್ತುಕೊಂಡಿತು, ಕೈ ನಡುಗಿತು, ಕಣ್ಣೆದುರಿನ ರಸ್ತೆ ಎರಡಾಗಿ ಕಂಡಿತು. ಸೈಕಲ್ಲನ್ನು ಹಾಗೇ ಬಿಟ್ಟು ಮೈಲಿಗಲ್ಲಿಗೆ ಒರಗಿ ಕುಸಿದೆ. ಪಕ್ಕದ ಕಮರಿಯ ಕಡೆ ಬೀಳದೆ ಇತ್ತ ಬಿದ್ದದ್ದು ನನ್ನ ಜಾಣತನದಿಂದಲ್ಲ.

ಅತ್ತ ಬಂದ ಲಾರಿಯ ಚಾಲಕ ಗಾಡಿ ನಿಲ್ಲಿಸಿ, ಬೆಲ್ಲದ ತುಂಡು ಬಾಯಿಗಿಟ್ಟು, ಬಿಸ್ಕತ್ತು ತಿನ್ನಿಸಿ, ನಾನು ಸರಿಯಾಗಿ ಮಾತಾಡುವವರೆಗೂ ಪಕ್ಕದಲ್ಲೇ ಕುಳಿತ. ಬಯಲುಸೀಮೆಯವನು. ಹೊರಡುವ ಮುನ್ನ ಹೇಳಿದ: "ಯಜಮಾನ್ರೇ, ಟೈರಿಗೆ ಗಾಳಿ ನೋಡ್ಕೊಂಡು ಹೊರಡ್ತೀರಿ. ಹೊಟ್ಟೆ ನೋಡ್ಕೊಳ್ಳೋದು ಬೇಡ್ವಾ?" ಮೂವತ್ತು ವರ್ಷ ಪಾಠ ಹೇಳಿದವನಿಗೆ ಆತ ಒಂದೇ ಮಾತಿನಲ್ಲಿ ಪಾಠ ಹೇಳಿದ.

ಮನೆಗೆ ಬಂದ ಮೇಲೆ ವೈದ್ಯರು ವಿವರಿಸಿದರು. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳು ಹಸಿದ ಹೊಟ್ಟೆ ಮತ್ತು ಹೆಚ್ಚಿನ ಶ್ರಮ ಸೇರಿದಾಗ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಪ್ರವಾಸಕ್ಕೆ ಮೊದಲೇ ಬಂದು ಕೇಳಿದ್ದರೆ ಮಾತ್ರೆಯ ಪ್ರಮಾಣವನ್ನು ಬದಲಿಸಿ ಕೊಡುತ್ತಿದ್ದರಂತೆ. ನಾನು ಕೇಳಿರಲಿಲ್ಲ. ವೈದ್ಯರ ಶುಲ್ಕವನ್ನೂ ಉಳಿಸಿದ್ದೆ!

ಫ್ರಾನ್ಸಿನಲ್ಲಿ ಪಾಲ್ ದ ವಿವೀ ಎಂಬ ಮಹನೀಯನಿದ್ದ (1853–1930). ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆತ ಸೈಕಲ್ ಪ್ರವಾಸಿಗಳಿಗೆ ಏಳು ನಿಯಮಗಳನ್ನು ಕೊಟ್ಟಿದ್ದಾನೆ. ಹಸಿಯುವ ಮೊದಲೇ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬುದು ಅವುಗಳ ಸಾರದಲ್ಲೊಂದು. ಹೆಮ್ಮೆಗಾಗಿ ಸೈಕಲ್ ತುಳಿಯಬಾರದೆಂಬುದು ಕೊನೆಯದು. ಒಂದೇ ಬೆಳಿಗ್ಗೆ ಎರಡನ್ನೂ ಮುರಿದ ಕೀರ್ತಿ ನನ್ನದು. ಲಕ್ಷದ ಸೈಕಲ್ ಕೊಂಡು ತೋರಿಸಿಕೊಳ್ಳುವವನನ್ನು ಕಂಡು ನಗುತ್ತಿದ್ದ ನಾನು, ಖರ್ಚು ಕಡಿಮೆ ಮಾಡಿದ್ದನ್ನೇ ತೋರಿಸಿಕೊಳ್ಳಲು ಹೊರಟಿದ್ದೆ. ಎರಡೂ ಒಂದೇ ರೋಗ.

ಆದ್ದರಿಂದ ನನ್ನ ಮಾತು ಇಷ್ಟು. ಸೈಕಲ್ಲಿನ ಬೆಲೆಯಲ್ಲಿ, ಉಡುಪಿನಲ್ಲಿ, ಕೋಣೆಯ ಬಾಡಿಗೆಯಲ್ಲಿ ಉಳಿಸಿರಿ, ಅದು ಮಿತವ್ಯಯ. ಅನ್ನದಲ್ಲಿ, ನೀರಿನಲ್ಲಿ, ವೈದ್ಯರ ಸಲಹೆಯಲ್ಲಿ, ಬ್ರೇಕು, ಟೈರು, ಹೆಲ್ಮೆಟ್ಟು, ಹಿಂದಿನ ಕೆಂಪು ದೀಪದಲ್ಲಿ ಉಳಿಸಬೇಡಿರಿ; ಅದು ಜಿಪುಣತನ. ಗೇರಿನ ಸೈಕಲ್ ಘಾಟಿಯಲ್ಲಿ ಮೊಣಕಾಲಿನ ಶ್ರಮವನ್ನು ಕಡಿಮೆ ಮಾಡುವುದು ನಿಜ. ಇರುವವರು ಬಳಸಲಿ, ಇಲ್ಲದವರು ಇಳಿದು ತಳ್ಳಲಿ. ಸೀಟನ್ನು ಮಾತ್ರ ಸರಿಯಾದ ಎತ್ತರಕ್ಕೆ ಏರಿಸಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚು ಕಡಿಮೆ ನೇರವಾಗಬೇಕು. ಸೀಟು ತಗ್ಗಾಗಿದ್ದರೆ ಮಂಡಿನೋವು ಖಂಡಿತ. ಇದಕ್ಕೆ ಬಿಡಿಗಾಸೂ ಬೇಕಿಲ್ಲ.

ಮರುವರ್ಷದ ಪರೀಕ್ಷೆಯಲ್ಲಿ ನನ್ನ 8.4 ಇಳಿದು 6.9 ಆಗಿತ್ತು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು. ನನ್ನ ಅಟ್ಲಾಸ್ ನಿಂತಿಲ್ಲ. ಈಗ ಘಾಟಿಗೆ ಹೋಗುವುದಿಲ್ಲ, ಬೆಳಿಗ್ಗೆ ತಿಂಡಿ ತಿಂದೇ ಹತ್ತು ಕಿಲೋಮೀಟರು ಹೋಗಿ ಬರುತ್ತೇನೆ.

ನನ್ನ ಬೆಂಗಳೂರಿನ ಹುಡುಗನಿಗೆ ಕೊನೆಯದಾಗಿ ಒಂದು ಮಾತು. ನಿನ್ನ ತಂದೆಯ ಆ ಸೈಕಲ್ ಊರಿನ ಮನೆಯಲ್ಲಿ ಇನ್ನೂ ಇದೆಯೆಂದು ನೀನೇ ಹೇಳಿದೆ. ಅದನ್ನು ರಿಪೇರಿ ಮಾಡಿಸು, ಮೊದಲು ನಿನ್ನ ವೈದ್ಯರನ್ನು ಕೇಳು, ನಾಳೆಯಿಂದಲೇ ಅರ್ಧ ಗಂಟೆ ತುಳಿ. ಮೂರು ತಿಂಗಳ ಮೇಲೆ ನಿಮ್ಮ ಹಳ್ಳಿಯಿಂದ ನನ್ನ ಮನೆಗೆ ಸೈಕಲ್ಲಿನಲ್ಲೇ ಬಾ. ಮಧ್ಯಾಹ್ನದ ಊಟ ನಮ್ಮಲ್ಲಿ. ಆದರೆ ಬೆಳಗಿನ ತಿಂಡಿಯನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡು.